ಪೊರೆ ದಾಟಿಸುವ ಚಾಲಕ, ಅದರ ಕಡಿವಾಣ

ಪ್ಯಾರಿಸ್ ನಗರದ ಪಾಸ್ತರ್ ಸಂಸ್ಥೆಯಲ್ಲಿ 1950ರ ದಶಕದ ನಡುವಣ ವರ್ಷಗಳಲ್ಲಿ ಎಲೀ ವೋಲ್‌ಮನ್ ಮತ್ತು ಫ್ರಾನ್ಸ್ವಾ ಜಾಕೋಬ್ ಎಂಬ ಇಬ್ಬರು ವಿಜ್ಞಾನಿಗಳು, ಮನುಷ್ಯನ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯದ ಎರಡು ತಳಿಗಳನ್ನು ಒಂದೇ ದ್ರವದಲ್ಲಿ ಕೂಡಿಸಿ, ಒಂದರ ವಂಶವಾಹಿಗಳು ಮತ್ತೊಂದರೊಳಕ್ಕೆ ಸಾಗುತ್ತಿರುವಾಗಲೇ ಅಡುಗೆಮನೆಯಲ್ಲಿ ಬಳಸುವ ಮಿಕ್ಸರ್ ಯಂತ್ರದಿಂದ ಆ ಜೋಡಿಗಳನ್ನು ಬಲವಂತವಾಗಿ ಬೇರ್ಪಡಿಸಿ, ಎಷ್ಟು ನಿಮಿಷಕ್ಕೆ ಯಾವ ಗುಣ ದಾಟಿಹೋಗಿದೆಯೆಂಬುದನ್ನು ಲೆಕ್ಕವಿಡುತ್ತಿದ್ದರು. ಸೋಡಿಯಂ ಅಜೈಡ್ ಎಂಬ ವಿಷವನ್ನು ತಾಳಿಕೊಳ್ಳುವ ಗುಣ ಸುಮಾರು 9 ನಿಮಿಷಕ್ಕೆ ದಾಟುತ್ತಿತ್ತು. ಲ್ಯಾಕ್ಟೋಸ್ ಸಕ್ಕರೆಯನ್ನು ಉಣ್ಣುವ ಗುಣ ಸುಮಾರು 18 ನಿಮಿಷಕ್ಕೆ, ಗ್ಯಾಲಕ್ಟೋಸನ್ನು ಉಣ್ಣುವ ಗುಣ ಸುಮಾರು 25 ನಿಮಿಷಕ್ಕೆ. ವಂಶವಾಹಿಗಳು ಒಂದು ಸಾಲಿನಲ್ಲಿ ನಿಂತಿವೆಯೆಂಬುದನ್ನು ಇಷ್ಟು ಸರಳವಾಗಿ ಕಾಣಿಸಿಕೊಟ್ಟ ಆ ಪ್ರಯೋಗ ಪಠ್ಯಪುಸ್ತಕಗಳಲ್ಲಿ ಶಾಶ್ವತವಾದ ಸ್ಥಾನವನ್ನು ಪಡೆಯಿತು. ಅಜೈಡ್ ವಿಷವನ್ನು ತಾಳಿಕೊಳ್ಳುವ ಆ ವಂಶವಾಹಿಗೆ ‘ಅಜಿ’ ಎಂಬ ಹೆಸರು ಬಿದ್ದು, ನಕ್ಷೆಯ ಮೇಲೆ ದೂರವನ್ನು ಅಳೆಯುವ ಗುರುತಾಗಿ ಅದು ದಶಕಗಳ ಕಾಲ ಬಳಕೆಯಲ್ಲಿತ್ತು. ಅದು ಜೀವಕೋಶದಲ್ಲಿ ಮಾಡುವ ಕೆಲಸವಾದರೂ ಏನೆಂಬುದು 1990ರವರೆಗೆ ಇತ್ಯರ್ಥವಾಗಲಿಲ್ಲ. ಆ ವರ್ಷ ಗೊತ್ತಾದ ಸಂಗತಿಯೆಂದರೆ, ಬ್ಯಾಕ್ಟೀರಿಯದ ಪ್ರೋಟೀನುಗಳನ್ನು ಪೊರೆಯಾಚೆಗೆ ನೂಕುವ ಚಾಲಕವಾದ ‘ಸೆಕ್‌ಎ’ ಎಂಬ ಪ್ರೋಟೀನನ್ನು ರಚಿಸುವ ವಂಶವಾಹಿಯೂ ಈ ಅಜಿಯೂ ಒಂದೇ ಎಂಬುದು.

ಈ ಚಾಲಕದ ಮಹತ್ತ್ವವನ್ನು ಅರಿಯಬೇಕಾದರೆ ಬ್ಯಾಕ್ಟೀರಿಯದ ಮೈಕಟ್ಟನ್ನು ಸ್ವಲ್ಪ ನೆನೆಯಬೇಕು. ಇ. ಕೋಲಿಗೆ ಒಂದರ ಹೊರಗೊಂದು ಎರಡು ಪೊರೆಗಳು, ಅವುಗಳ ನಡುವೆ ಕಿರಿದಾದ ಅವಕಾಶ. ಆಹಾರದ ಕಣಗಳನ್ನು ಹಿಡಿದುಕೊಳ್ಳುವ, ಕೋಶಭಿತ್ತಿಯನ್ನು ಕಟ್ಟಿ ದುರಸ್ತಿಮಾಡುವ, ಪೆನಿಸಿಲಿನ್ನಿನಂಥ ಔಷಧಗಳನ್ನು ಮುರಿದುಹಾಕುವ ಪ್ರೋಟೀನುಗಳೆಲ್ಲ ಆ ಪೊರೆಗಳಲ್ಲಿಯೋ ನಡುವಣ ಅವಕಾಶದಲ್ಲಿಯೋ ನೆಲಸಿರುತ್ತವೆ. ಜೀವಕೋಶ ತಯಾರಿಸುವ ಪ್ರೋಟೀನುಗಳ ಬಗೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂಥವು. ಆದರೆ ಅವು ಹುಟ್ಟುವುದು ಮಾತ್ರ ಒಳಗಡೆ, ರೈಬೋಸೋಮ್ ಎಂಬ ಕಣದಲ್ಲಿ, ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿದ ಸರಪಳಿಯ ರೂಪದಲ್ಲಿ. ಒಳಪೊರೆಯಾದರೋ ಜಲಜನಕದ ಒಂದು ಅಯಾನನ್ನೂ ಸುಲಭವಾಗಿ ಸೋರಗೊಡದ ಕೊಬ್ಬಿನ ಹಾಳೆ. ಅದು ಸೋರಿದರೆ ಜೀವಕೋಶದ ಶಕ್ತಿಯ ಸಂಚಯವೇ ಬರಿದಾಗುತ್ತದೆ. ಅಂಥ ಹಾಳೆಯ ಮೂಲಕ ನೂರಾರು ಅಮೈನೋ ಆಮ್ಲಗಳ ಸರಪಳಿಗಳನ್ನು ಎಡೆಬಿಡದೆ ಹಾಯಿಸುತ್ತಿದ್ದರೂ ಪೊರೆ ಸೋರದಿರುವುದೆಂದರೆ, ಅಲ್ಲಿ ಬಲವೂ ಇರಬೇಕು, ಬಲದಷ್ಟೇ ಸಂಯಮವೂ ಇರಬೇಕು.

ಯಾವ ಪ್ರೋಟೀನು ಹೊರಗೆ ಹೋಗತಕ್ಕದ್ದು, ಯಾವುದು ಒಳಗೇ ಉಳಿಯತಕ್ಕದ್ದು ಎಂಬ ಪ್ರಶ್ನೆಗೆ ಉತ್ತರ ಮೊದಲು ದೊರೆತದ್ದು ಪ್ರಾಣಿಕೋಶಗಳಲ್ಲಿ. ಹೊರಹೋಗುವ ಪ್ರೋಟೀನಿನ ಮೂಲರೂಪವು ಅದರ ಸಿದ್ಧರೂಪಕ್ಕಿಂತ ಕೊಂಚ ಉದ್ದವಾಗಿರುತ್ತದೆಂಬುದನ್ನು ಸೀಸರ್ ಮಿಲ್‌ಸ್ಟೈನ್ ಮತ್ತು ಅವರ ಸಂಗಡಿಗರು 1972ರಲ್ಲಿ ಕಂಡರು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಗುಂಟರ್ ಬ್ಲೋಬೆಲ್ ಮತ್ತು ಬರ್ನ್‌ಹಾರ್ಡ್ ಡಾಬರ್‌ಸ್ಟೈನ್ ಎಂಬವರು 1975ರಲ್ಲಿ, ಸರಪಳಿಯ ಮೊದಲಲ್ಲಿರುವ ಆ ಹೆಚ್ಚುವರಿ ತುಣುಕೇ ಅದರ ವಿಳಾಸವೆಂದೂ ಗಮ್ಯವನ್ನು ಸೇರಿದ ಬಳಿಕ ಅದು ಕತ್ತರಿಸಿಹೋಗುತ್ತದೆಂದೂ ಸಾಧಿಸಿ ತೋರಿಸಿದರು. ಆ ಸಂಕೇತತುಣುಕಿನ ಸಿದ್ಧಾಂತಕ್ಕಾಗಿ ಬ್ಲೋಬೆಲ್ಲರಿಗೆ 1999ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆದರೆ ಪ್ರಾಣಿಕೋಶಗಳಲ್ಲಿ ಸಾಮಾನ್ಯವಾಗಿ ಸರಪಳಿ ಬೆಳೆಯುತ್ತಿರುವಾಗಲೇ ಪೊರೆಯನ್ನು ಹಾಯುವುದರಿಂದ ಮತ್ತೊಂದು ಚಾಲಕದ ಅಗತ್ಯ ಅಷ್ಟಾಗಿ ತೋರಲಿಲ್ಲ; ಬ್ಯಾಕ್ಟೀರಿಯದಲ್ಲಿ ಎಷ್ಟೋ ಸರಪಳಿಗಳು ಪೂರ್ತಿಯಾಗಿ ಸಿದ್ಧವಾದ ಮೇಲೆ ಹೊರಡುತ್ತವೆ. ಅವನ್ನು ನೂಕುವುದು ಯಾವುದು?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಬಾಸ್ಟನ್ ನಗರದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೊನಾಥನ್ ಬೆಕ್‌ವಿತ್ ಮತ್ತು ಅವರ ಶಿಷ್ಯರು ಮುಖ್ಯರು. ಅವರ ಮಾರ್ಗ ರಸಾಯನಶಾಸ್ತ್ರದ್ದಲ್ಲ, ತಳಿಶಾಸ್ತ್ರದ್ದು. ಯಂತ್ರವನ್ನು ಬಿಚ್ಚಿ ನೋಡುವ ಬದಲು ಯಂತ್ರ ಕೆಟ್ಟ ಜೀವಿಯನ್ನು ಹುಡುಕಿ, ಕೆಟ್ಟುದರಿಂದ ಸರಿಯಾದುದನ್ನು ಊಹಿಸುವುದು. ಆದರೆ ಪ್ರೋಟೀನುಗಳನ್ನು ಹೊರಗೆ ಕಳುಹಿಸಲಾಗದ ಬ್ಯಾಕ್ಟೀರಿಯ ಬದುಕಲಾರದು. ಸತ್ತ ಜೀವಿಯಿಂದ ತಳಿಶಾಸ್ತ್ರಜ್ಞನಿಗೆ ಉಪಯೋಗವಿಲ್ಲ. ಈ ತೊಡಕನ್ನು ಅವರು ಬಿಡಿಸಿಕೊಂಡ ಬಗೆ, ನನಗೆ ತೋರುವಂತೆ, ಆ ಶಾಸ್ತ್ರದ ಅತ್ಯಂತ ಸುಂದರವಾದ ಯುಕ್ತಿಗಳಲ್ಲಿ ಒಂದು. ಮಾಲ್ಟೋಸ್ ಸಕ್ಕರೆಯನ್ನು ಹಿಡಿಯುವ ಒಂದು ಪ್ರೋಟೀನು ಸಹಜವಾಗಿ ಹೊರಗೆ ಹೋಗತಕ್ಕದ್ದು. ಲ್ಯಾಕ್ಟೋಸನ್ನು ಒಡೆಯುವ ಬೀಟಾ-ಗ್ಯಾಲಕ್ಟೊಸೈಡೇಸ್ ಎಂಬ ಕಿಣ್ವ ಸಹಜವಾಗಿ ಒಳಗೇ ಉಳಿಯತಕ್ಕದ್ದು. ಇವೆರಡರ ವಂಶವಾಹಿಗಳನ್ನು ಬೆಸೆದರೆ ಹುಟ್ಟುವ ಮಿಶ್ರಪ್ರೋಟೀನು ತನ್ನ ಸಂಕೇತತುಣುಕಿನ ಆಜ್ಞೆಯಂತೆ ಪೊರೆಯತ್ತ ಹೊರಡುತ್ತದೆ, ಆದರೆ ಕಿಣ್ವದ ಭಾಗ ದಾಟಲಾರದೆ ಪೊರೆಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸಿಕ್ಕಿಕೊಂಡ ಕಿಣ್ವಕ್ಕೆ ಕೆಲಸಮಾಡುವ ಆಕಾರ ಬರುವುದಿಲ್ಲವಾದ್ದರಿಂದ ಅಂಥ ಬ್ಯಾಕ್ಟೀರಿಯ ಲ್ಯಾಕ್ಟೋಸನ್ನು ಉಂಡು ಬೆಳೆಯಲಾರದು. ಈಗ ಸಾಗಣೆಯ ಯಂತ್ರದಲ್ಲಿಯೇ ಕೊಂಚ ದೋಷವುಂಟಾಯಿತೆನ್ನಿ. ಮಿಶ್ರಪ್ರೋಟೀನು ಪೊರೆಯವರೆಗೆ ಹೋಗದೆ ಒಳಗೇ ಉಳಿಯುತ್ತದೆ, ಅದರ ಕಿಣ್ವಭಾಗ ಚುರುಕಾಗುತ್ತದೆ, ಲ್ಯಾಕ್ಟೋಸ್ ಮಾತ್ರವೇ ಆಹಾರವಾಗಿರುವ ತಟ್ಟೆಯ ಮೇಲೆ ಆ ದೋಷವುಳ್ಳ ಜೀವಿಯೇ ಬೆಳೆದು ಕಣ್ಣಿಗೆ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅಳಿದುಹೋಗಬೇಕಾದ ದುರ್ಬಲನಿಗೇ ಬದುಕುವ ಅನುಕೂಲವನ್ನು ಕಲ್ಪಿಸಿಕೊಟ್ಟ ವಿಧಾನವಿದು. ಹೀಗೆ ಬೆಳೆದವುಗಳಿಂದ, 30 ಡಿಗ್ರಿಯ ಕಾವಿನಲ್ಲಿ ಬದುಕಿ 42 ಡಿಗ್ರಿಯಲ್ಲಿ ಸಾಯುವಂಥವನ್ನು ಆರಿಸಿ, ಬೆಕ್‌ವಿತ್ ಮತ್ತು ಡೊನಾಲ್ಡ್ ಆಲಿವರ್ 1981ರಲ್ಲಿ ಸೆಕ್‌ಎ ವಂಶವಾಹಿಯನ್ನು ಗುರುತಿಸಿದರು. ಹೆಚ್ಚಿನ ಕಾವಿನಲ್ಲಿ ಆ ತಳಿಯ ಒಳಗಡೆ ಒಂದಲ್ಲ, ಹೊರಹೋಗಬೇಕಾದ ಹಲವಾರು ಪ್ರೋಟೀನುಗಳ ಮೂಲರೂಪಗಳು ರಾಶಿಬೀಳುತ್ತಿದ್ದವು. ಆದ್ದರಿಂದ ಕೆಟ್ಟಿದ್ದುದು ಯಾವುದೋ ಒಂದು ಸರಕಲ್ಲ, ಎಲ್ಲಕ್ಕೂ ಸಮಾನವಾದ ಸಾಗಣೆಯ ವ್ಯವಸ್ಥೆಯೇ ಎಂಬುದರಲ್ಲಿ ಸಂದೇಹವುಳಿಯಲಿಲ್ಲ.

ಅದರ ಮರುವರ್ಷ, ಎಂದರೆ 1982ರಲ್ಲಿ, ಇದೇ ಇಬ್ಬರು ಪ್ರಕಟಿಸಿದ ಮತ್ತೊಂದು ಬರಹವನ್ನು ಈ ಚರಿತ್ರೆಯ ನಿಜವಾದ ಆರಂಭವೆಂದು ನಾನು ಎಣಿಸುತ್ತೇನೆ. ಸೆಕ್‌ಎ ಪ್ರೋಟೀನನ್ನು ಹಿಡಿದುಕೊಳ್ಳುವ ಪ್ರತಿಕಾಯಗಳನ್ನು ಸಿದ್ಧಪಡಿಸಿ, ಜೀವಕೋಶದಲ್ಲಿ ಅದು ಎಷ್ಟು ಪ್ರಮಾಣದಲ್ಲಿ ತಯಾರಾಗುತ್ತದೆಂಬುದನ್ನು ಅವರು ಅಳೆದರು. ಸಾಗಣೆ ಸುಗಮವಾಗಿರುವಾಗ ಅದರ ತಯಾರಿಕೆ ಮಿತವಾಗಿತ್ತು. ಸಾಗಣೆಗೆ ತಡೆಯೊದಗಿದಾಗ ಅದು ಕಡಮೆಪಕ್ಷ ಹತ್ತುಪಟ್ಟು ಏರುತ್ತಿತ್ತು. ಸೆಕ್‌ಎ ಒಂದು ಚಾಲಕವೆಂದಾಗಲಿ, ಶಕ್ತಿಯನ್ನು ವ್ಯಯಿಸುವ ಕಿಣ್ವವೆಂದಾಗಲಿ ಆಗಿನ್ನೂ ಯಾರೂ ತೋರಿಸಿರಲಿಲ್ಲ. ಚಾಲಕವೇ ಗೊತ್ತಾಗುವ ಮೊದಲು ಅದರ ಕಡಿವಾಣ ಕಣ್ಣಿಗೆ ಬಿದ್ದಿತ್ತು. ಪೊರೆಯ ಬಳಿ ಕೆಲಸ ತಡವಾಗುತ್ತಿದೆಯೆಂಬ ಸುದ್ದಿ ಒಳಗಿನ ತಯಾರಿಕೆಯ ಸ್ಥಳಕ್ಕೆ ಹೇಗೋ ಮುಟ್ಟುತ್ತಿದೆ. ಮುಟ್ಟಿಸುವವರು ಯಾರು, ಯಾವ ಬಗೆಯಿಂದ ಎಂಬುದು ಬಗೆಹರಿಯಲು ಮತ್ತೆ ಇಪ್ಪತ್ತು ವರ್ಷಗಳು ಬೇಕಾದುವು.

ನಡುವಣ ವರ್ಷಗಳು ರಸಾಯನಶಾಸ್ತ್ರಜ್ಞರ ವರ್ಷಗಳು. ಪೊರೆಯ ಸಣ್ಣ ಸಣ್ಣ ಚೀಲಗಳನ್ನು ಜೀವಕೋಶದಿಂದ ಬೇರ್ಪಡಿಸಿ, ಗಾಜಿನ ನಳಿಕೆಯಲ್ಲಿಯೇ ಪ್ರೋಟೀನುಗಳನ್ನು ಅವುಗಳೊಳಕ್ಕೆ ಹಾಯಿಸುವ ವಿಧಾನಗಳು 1984ರ ಸುಮಾರಿಗೆ ಸಿದ್ಧವಾದುವು. ಬೆಕ್‌ವಿತ್ತರ ಸೆಕ್‌ಎ, ಅದೇ ಕಾಲದಲ್ಲಿ ಜಪಾನಿನ ಕ್ಯೋಟೊ ನಗರದ ಕೊರೆಯಾಕಿ ಇಟೊ ಅವರು ಶೋಧಿಸಿದ ಸೆಕ್‌ವೈ, ಬಳಿಕ ದೊರೆತ ಸೆಕ್‌ಬಿ, ಸೆಕ್‌ಇ, ಸೆಕ್‌ಜಿ ಮೊದಲಾದವುಗಳೆಲ್ಲ ಒಂದೊಂದಾಗಿ ಶುದ್ಧರೂಪದಲ್ಲಿ ಕೈಗೆ ಬಂದುವು. ಟೋಕಿಯೊದಲ್ಲಿ ಶೋಜಿ ಮಿಜುಷಿಮ ಅವರ ಬಳಗವೂ ಲಾಸ್ ಏಂಜಲೀಸಿನಲ್ಲಿ ವಿಲಿಯಂ ವಿಕ್ನರ್ ಅವರ ಬಳಗವೂ ಈ ಕಾರ್ಯದಲ್ಲಿ ಸ್ಪರ್ಧಿಗಳಾಗಿದ್ದೂ ಪರಸ್ಪರರ ಕೆಲಸವನ್ನು ಪೂರ್ತಿಗೊಳಿಸಿದರು. ಸೆಕ್‌ಎ ಎಂಬುದು ಜೀವಕೋಶದ ಇಂಧನವಾದ ಎ.ಟಿ.ಪಿ.ಯನ್ನು ಒಡೆದು ಅದರ ಶಕ್ತಿಯಿಂದ ಕೆಲಸಮಾಡುವ ಕಿಣ್ವವೆಂಬುದು ವಿಕ್ನರ್ ಬಳಗದ 1989ರ ಬರಹದಿಂದ ಸ್ಥಾಪಿತವಾಯಿತು. ಇಟೊ, ಆಲಿವರ್ ಇಬ್ಬರೂ ಆ ಬರಹದ ಸಹಲೇಖಕರಾಗಿದ್ದರು. 1990ರಲ್ಲಿ ಪೊರೆಯ ದ್ವಾರವಾದ ಸೆಕ್‌ವೈ-ಸೆಕ್‌ಇ ಸಂಕೀರ್ಣವನ್ನು ಕೃತಕವಾದ ಕೊಬ್ಬಿನ ಚೀಲಗಳಲ್ಲಿ ನೆಲೆಗೊಳಿಸಿ, ಹೊರಗಿನಿಂದ ಸೆಕ್‌ಎ ಮತ್ತು ಎ.ಟಿ.ಪಿ.ಯನ್ನು ಒದಗಿಸಿದರೆ ಪ್ರೋಟೀನು ಪೊರೆಯನ್ನು ದಾಟುತ್ತದೆಂಬುದನ್ನೂ ವಿಕ್ನರ್ ಬಳಗವೇ ತೋರಿಸಿತು.

ಇಲ್ಲಿಯೂ ನಿಯಮನದ ವಿಚಾರ ತಾನಾಗಿಯೇ ಮುಂದೆ ಬಂದಿತು. ಶುದ್ಧಗೊಳಿಸಿದ ಸೆಕ್‌ಎ ಒಂಟಿಯಾಗಿದ್ದಾಗ ಎ.ಟಿ.ಪಿ.ಯನ್ನು ತೀರ ಅಲ್ಪವಾಗಿ ಮಾತ್ರ ಒಡೆಯುತ್ತದೆ. ಋಣವಿದ್ಯುತ್ತುಳ್ಳ ಕೊಬ್ಬಿನ ಪೊರೆ, ಸೆಕ್‌ವೈ ದ್ವಾರ, ದಾಟಿಸಬೇಕಾದ ಮೂಲಪ್ರೋಟೀನು ಇವು ಮೂರೂ ಒಟ್ಟುಗೂಡಿದಾಗಲೇ ಅದು ಪೂರ್ತಿಯಾಗಿ ಚುರುಕುಗೊಳ್ಳುವುದು. 901 ಅಮೈನೋ ಆಮ್ಲಗಳ ಇಷ್ಟು ದೊಡ್ಡ ಪ್ರೋಟೀನು ಕೋಶದ್ರವದಲ್ಲಿ ಹೇರಳವಾಗಿ ತೇಲುತ್ತಿರುವಾಗ, ಕೆಲಸವಿಲ್ಲದೆಯೂ ಅದು ಎ.ಟಿ.ಪಿ.ಯನ್ನು ಸುಡುತ್ತಿದ್ದರೆ ಜೀವಕೋಶದ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಈ ಸಂಯಮವನ್ನು ಹೇರುವುದು ಹೊರಗಿನ ಯಾವುದೋ ಪ್ರೋಟೀನಲ್ಲ, ಸೆಕ್‌ಎಯ ಸ್ವಂತ ಮೈಯ ಭಾಗಗಳೇ ಎಂಬುದನ್ನು ಕ್ರೀಟ್ ದ್ವೀಪದ ಹೆರಾಕ್ಲಿಯನ್ ನಗರದಲ್ಲಿ ಎಕೊನೊಮು ಅವರ ಬಳಗ 1999ರ ವೇಳೆಗೆ ತೋರಿಸಿತು: ಪ್ರೋಟೀನಿನ ತುದಿಯ ಕಡೆಯ ಒಂದು ಭಾಗ ಎ.ಟಿ.ಪಿ.ಯನ್ನು ಒಡೆಯುವ ಭಾಗವನ್ನು ಅದುಮಿಹಿಡಿದಿರುತ್ತದೆ. ಆ ತುದಿಯನ್ನು ತೆಗೆದುಹಾಕಿದರೆ ಉಳಿದ ಭಾಗ ಲಂಗುಲಗಾಮಿಲ್ಲದೆ ಎ.ಟಿ.ಪಿ.ಯನ್ನು ಒಡೆಯಲಾರಂಭಿಸುತ್ತದೆ. ಸರಕು ದೊರೆತು, ದ್ವಾರ ದೊರೆತಾಗ ಮಾತ್ರವೇ ಆ ಅದುಮು ಸಡಿಲವಾಗುವುದು. ಎ.ಟಿ.ಪಿ. ಒಡೆಯುವ ಒಂದೊಂದು ಆವೃತ್ತಿಯಲ್ಲಿ 20ರಿಂದ 30 ಅಮೈನೋ ಆಮ್ಲಗಳಷ್ಟು ಸರಪಳಿ ಮುಂದೆ ಸಾಗುತ್ತದೆಂಬ ಲೆಕ್ಕ 1990ರ ದಶಕದಲ್ಲಿಯೇ ಬಂದಿತ್ತು. ಮುಂದೆ 2002ರಲ್ಲಿ ಸೆಕ್‌ಎಯ ಸ್ಫಟಿಕರಚನೆ, 2004ರಲ್ಲಿ ದ್ವಾರದ ರಚನೆ, 2008ರಲ್ಲಿ ಎರಡೂ ಕೂಡಿಕೊಂಡಿರುವ ರಚನೆ ಪ್ರಕಟವಾಗಿ, ಚಾಲಕದ ಒಂದು ಬೆರಳಿನಾಕಾರದ ಭಾಗ ದ್ವಾರದ ಬಾಯಿಗೆ ಚಾಚಿಕೊಂಡಿರುವುದು ಕಂಡುಬಂದಿತು. ಆ ಬೆರಳು ಸರಪಳಿಯನ್ನು ನೇರವಾಗಿ ನೂಕುತ್ತದೆಯೋ, ಅಥವಾ ಸರಪಳಿಯ ಸಹಜವಾದ ತುಯ್ದಾಟದಲ್ಲಿ ಹಿಮ್ಮುಖದ ಚಲನೆಯನ್ನು ಮಾತ್ರ ತಡೆಯುತ್ತದೆಯೋ ಎಂಬ ವಿವಾದ ಪಂಡಿತರಲ್ಲಿ ಬಹುಕಾಲ ನಡೆದಿದೆ. ಅದರ ವಿವರಗಳಿಗೆ ಇಲ್ಲಿ ಹೋಗಬೇಕಾಗಿಲ್ಲ. ಮೊದಲು ಹೇಳಿದ ಅಜೈಡ್ ಎಂಬ ವಿಷ ನಿಲ್ಲಿಸುವುದು ಸಾಗಣೆಯ ವೇಳೆಯ ಈ ಎ.ಟಿ.ಪಿ. ವ್ಯಯವನ್ನೇ, ಸೆಕ್‌ಎಯಲ್ಲಿ ಸಣ್ಣ ವ್ಯತ್ಯಾಸವುಳ್ಳ ಜೀವಿಗಳು ಅದನ್ನು ತಾಳಿಕೊಳ್ಳುತ್ತವೆ.

ಹೀಗೆ ಚಾಲಕದ ಚಟುವಟಿಕೆಯ ನಿಯಮನ ತಿಳಿಯುತ್ತ ಬಂದರೂ ಅದರ ಪ್ರಮಾಣದ ನಿಯಮನ, ಎಂದರೆ 1982ರ ಆ ಹತ್ತುಪಟ್ಟಿನ ಏರಿಕೆ, ಒಗಟಾಗಿಯೇ ಉಳಿದಿತ್ತು. ಆಲಿವರ್ ಅದನ್ನು ಬಿಡಲಿಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಅವರು ಸೆಕ್‌ಎ ವಂಶವಾಹಿಯ ಸುತ್ತಣ ಪ್ರದೇಶವನ್ನು ಓದಿ ನೋಡಿದಾಗ, ಅದರ ಮುಂದುಗಡೆ, ವಂಶವಾಹಿಯ ನಕಲನ್ನು ರೈಬೋಸೋಮಿಗೆ ಒಯ್ಯುವ ಅದೇ ಸಂದೇಶವಾಹಕ ಆರ್.ಎನ್.ಎ.ಯಲ್ಲಿ, ಮತ್ತೊಂದು ಸಣ್ಣ ವಂಶವಾಹಿ ಇರುವುದು ಕಂಡಿತು. ಕೆಲಸ ತಿಳಿಯದ ಅದಕ್ಕೆ ‘ಜೀನ್ ಎಕ್ಸ್’ ಎಂದಷ್ಟೇ ಹೆಸರಿಟ್ಟರು. ಅದರ ಪ್ರೋಟೀನು ಪೊರೆಯಾಚೆಗೆ ಹೋಗುವಂಥದೆಂದೂ, ಜೀವಕೋಶದ ಉಳಿವಿಗೆ ಅವಶ್ಯವಲ್ಲವೆಂದೂ 1991ರಲ್ಲಿ ತೀರ್ಮಾನವಾಯಿತು. ಸೆಕ್‌ಎ ತಯಾರಿಕೆಯನ್ನು ಆರಂಭಿಸಬೇಕಾದ ರೈಬೋಸೋಮ್ ಬಂದು ಕೂರುವ ತಾಣ, ಆರ್.ಎನ್.ಎ.ಯು ತನ್ನ ಮೇಲೆಯೇ ಮಡಿಚಿಕೊಂಡ ಮಡಿಕೆಯೊಳಗೆ ಮುಚ್ಚಿಹೋಗಿದೆಯೆಂಬುದನ್ನೂ ಆಲಿವರ್ ಬಳಗವೇ ಕಂಡಿತು. ಆ ಮಡಿಕೆ ಬಿಚ್ಚಿದರೆ ಸೆಕ್‌ಎ ಹೆಚ್ಚಾಗಿ ತಯಾರಾಗುತ್ತದೆ. ಅದನ್ನು ಬಿಚ್ಚುವುದು ಜೀನ್ ಎಕ್ಸ್‌ನ ಕೊನೆಯನ್ನು ಓದುತ್ತಿರುವ ರೈಬೋಸೋಮ್. ಆದರೆ ಓದಿ ಮುಗಿಸಿದ ರೈಬೋಸೋಮ್ ಕಳಚಿಕೊಂಡು ಹೋದೊಡನೆ ಮಡಿಕೆ ಮತ್ತೆ ಮುಚ್ಚುತ್ತದೆ. ಹಾಗಾದರೆ ಸಾಗಣೆಗೆ ತಡೆಯುಂಟಾದಾಗ ಮಾತ್ರ ಅದು ತೆರೆದೇ ಉಳಿಯುವುದೇಕೆ?

ಉತ್ತರ ಬಂದದ್ದು ಕ್ಯೋಟೊದಿಂದ. ಇಟೊ ಅವರು ತಮ್ಮ ಶಿಷ್ಯರಾದ ಹಿತೊಷಿ ನಕತೊಗಾವ ಅವರೊಡನೆ 2001 ಮತ್ತು 2002ರಲ್ಲಿ ಪ್ರಕಟಿಸಿದ ಎರಡು ಬರಹಗಳು ಈ ಚರಿತ್ರೆಯ ಶಿಖರಗಳು. ಜೀನ್ ಎಕ್ಸ್‌ನ ಪ್ರೋಟೀನನ್ನು ಓದುತ್ತಿರುವ ರೈಬೋಸೋಮ್ ಅದರ ಕೊನೆಯ ಹತ್ತಿರ, 166ನೆಯ ಸ್ಥಾನದ ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ಸೇರಿಸಬೇಕಾದಲ್ಲಿ, ತಾನಾಗಿ ನಿಂತುಬಿಡುತ್ತದೆಂದು ಅವರು ಕಂಡರು. ನಿಲ್ಲಿಸುವುದು ಆಗತಾನೆ ಹುಟ್ಟಿದ ಸರಪಳಿಯೇ: ಅದರ ಕೊನೆಯ 17 ಅಮೈನೋ ಆಮ್ಲಗಳಲ್ಲಿ ಟ್ರಿಪ್ಟೊಫಾನ್, ಆರ್ಜಿನೀನ್, ಪ್ರೋಲೀನ್ ಮೊದಲಾದ ಕೆಲವು ನಿರ್ದಿಷ್ಟ ಸ್ಥಾನಗಳಲ್ಲಿದ್ದರೆ ಸಾಕು, ರೈಬೋಸೋಮಿನ ಒಳಗಿರುವ ಹೊರದಾರಿಯ ಸುರಂಗದ ಗೋಡೆಯನ್ನು ಅವು ಹಿಡಿದುಕೊಂಡು ಮುಂದಿನ ಜೋಡಣೆಯನ್ನೇ ತಡೆಯುತ್ತವೆ. ಯೇಲ್ ವಿಶ್ವವಿದ್ಯಾಲಯದ ಸ್ಟೈಟ್ಸ್ ಮತ್ತು ಮೂರ್ ಅವರ ಬಳಗ 2000ದಲ್ಲಿ ರೈಬೋಸೋಮಿನ ದೊಡ್ಡ ಭಾಗದ ರಚನೆಯನ್ನು ಪ್ರಕಟಿಸಿದಾಗ, ಸುಮಾರು 100 ಆಂಗ್‌ಸ್ಟ್ರಾಮ್ ಉದ್ದದ ಆ ಸುರಂಗ ಯಾವ ಸರಪಳಿಯೂ ಅಂಟಿಕೊಳ್ಳದಷ್ಟು ನಯವಾದ ದಾರಿಯೆಂದು ಭಾವಿಸಲಾಗಿತ್ತು. ಎರಡೇ ವರ್ಷಗಳಲ್ಲಿ, ಆ ಸುರಂಗದ ಇಕ್ಕಟ್ಟಾದ ಸ್ಥಳದಲ್ಲಿ ಬದಲಾವಣೆಯಾದ ರೈಬೋಸೋಮುಗಳಲ್ಲಿ ಈ ನಿಲುಗಡೆ ಉಂಟಾಗುವುದಿಲ್ಲವೆಂದು ಇಟೊ ತೋರಿಸಿ, ಸುರಂಗವು ತನ್ನ ಮೂಲಕ ಹಾಯುವುದನ್ನು ಪರೀಕ್ಷಿಸಬಲ್ಲದೆಂದು ಸಾಧಿಸಿದರು. ಇಷ್ಟರಲ್ಲಿ ಜೀನ್ ಎಕ್ಸ್‌ನ ಹೆಸರು ‘ಸೆಕ್‌ಎಂ’ ಎಂದಾಗಿತ್ತು. ಸಾಗಣೆಯ ಕಾವಲುಗಾರ ಎಂಬುದೇ ಆ ಹೆಸರಿನ ಅಭಿಪ್ರಾಯ.

ಈ ಕಾವಲಿನ ಕ್ರಮ ಅತಿ ಸರಳವಾದದ್ದು, ಆದ್ದರಿಂದಲೇ ಅತಿ ಮನೋಹರವಾದದ್ದು. ಸೆಕ್‌ಎಂ ಸರಪಳಿಯ ಮೊದಲ ತುದಿಯಲ್ಲಿ ಸಂಕೇತತುಣುಕಿದೆ. ಕೊನೆಯ ತುದಿಯಲ್ಲಿ ನಿಲುಗಡೆಯ ತುಣುಕಿದೆ. ಮೊದಲ ತುದಿ ರೈಬೋಸೋಮಿನಿಂದ ಹೊರಬಂದು ಸೆಕ್‌ಎಯನ್ನು ಸೇರಿ ಪೊರೆಯ ದ್ವಾರದೊಳಕ್ಕೆ ಹೊಕ್ಕಿರುವಾಗ ಕೊನೆಯ ತುದಿ ಇನ್ನೂ ಸುರಂಗದೊಳಗೆ ಹಿಡಿದುಕೊಂಡು ನಿಂತಿರುತ್ತದೆ. ಸೆಕ್‌ಎ ಸಾಕಷ್ಟಿದ್ದು ಚುರುಕಾಗಿದ್ದರೆ ಅದು ಸರಪಳಿಯನ್ನು ಪೊರೆಯತ್ತ ಎಳೆಯುತ್ತದೆ. ಬಾವಿಯ ರಾಟೆಯಲ್ಲಿ ಸಿಕ್ಕಿಕೊಂಡ ಹಗ್ಗ ಒಂದು ಜಗ್ಗಿಗೆ ಬಿಡಿಸಿಕೊಳ್ಳುವಂತೆ ಸುರಂಗದೊಳಗಿನ ಹಿಡಿತ ಕಳಚುತ್ತದೆ, ರೈಬೋಸೋಮ್ ತನ್ನ ಓದನ್ನು ಮುಗಿಸಿ ಹೊರಟುಹೋಗುತ್ತದೆ, ಆರ್.ಎನ್.ಎ. ಮಡಿಚಿಕೊಳ್ಳುತ್ತದೆ, ಸೆಕ್‌ಎ ತಯಾರಿಕೆ ತಗ್ಗುತ್ತದೆ. ಎಳೆಯುವವರಿಲ್ಲದಿದ್ದರೆ ರೈಬೋಸೋಮ್ ಅಲ್ಲಿಯೇ ಕಾದಿರುತ್ತದೆ, ಮಡಿಕೆ ತೆರೆದಿರುತ್ತದೆ, ಹೊಸ ಸೆಕ್‌ಎ ತಯಾರಾಗುತ್ತಲೇ ಇರುತ್ತದೆ. ಪೊರೆಯನ್ನು ದಾಟಿದ ಸೆಕ್‌ಎಂ ಪ್ರೋಟೀನನ್ನಾದರೋ ಅಲ್ಲಿರುವ ಒಂದು ಕಿಣ್ವ ಬೇಗನೆ ತುಂಡರಿಸಿ ನಾಶಮಾಡುತ್ತದೆ. ಅದು ಹುಟ್ಟುವುದು ಹುಟ್ಟುವ ಹೊತ್ತಿನಲ್ಲಿ ಮಾಡಬೇಕಾದ ಈ ಒಂದು ಕಾರ್ಯಕ್ಕಾಗಿ ಮಾತ್ರ. ಸಾಗಣೆಯ ಸ್ಥಿತಿಯನ್ನು ತಿಳಿಸಲು ಜೀವಕೋಶ ಪ್ರತ್ಯೇಕವಾದೊಂದು ದೂತನನ್ನು ಕಳುಹಿಸಬಹುದಾಗಿತ್ತು. ಹಾಗೆ ಮಾಡದೆ ಚಾಲಕದ ಎಳೆತವನ್ನೇ ಅಳತೆಗೋಲಾಗಿ ಇಟ್ಟುಕೊಂಡಿದೆ. ಸೆಕ್‌ಎ ಎಷ್ಟಿದೆ ಎಂಬುದನ್ನಲ್ಲ, ಅದು ಎಷ್ಟು ಕೆಲಸಮಾಡುತ್ತಿದೆ ಎಂಬುದನ್ನು ಸೆಕ್‌ಎಂ ಅಳೆಯುತ್ತದೆ. ಎಣಿಕೆಗೂ ದುಡಿಮೆಗೂ ಇರುವ ಈ ಭೇದವನ್ನು ಎಷ್ಟು ಒತ್ತಿ ಹೇಳಿದರೂ ಹೆಚ್ಚಲ್ಲ. 1982ರಲ್ಲಿ ಕಂಡ ಹತ್ತುಪಟ್ಟಿನ ಏರಿಕೆಯ ಅರ್ಥವೂ ಇದೇ. ಅಂದು ಕೆಟ್ಟ ಸೆಕ್‌ಎ ಜೀವಕೋಶದಲ್ಲಿ ಇದ್ದೇ ಇತ್ತು, ದುಡಿಯುತ್ತಿರಲಿಲ್ಲ ಅಷ್ಟೆ.

ಎಳೆತವೇ ನಿಲುಗಡೆಯನ್ನು ಬಿಡಿಸುತ್ತದೆಂಬ ವಿಚಾರವನ್ನು ಆಲಿವರ್ ಬಳಗ 2003ರಲ್ಲಿ ತಳಿಶಾಸ್ತ್ರದ ಪ್ರಯೋಗಗಳಿಂದ ಬೆಂಬಲಿಸಿತು. ಆದರೆ ಬಲವನ್ನೇ ನೇರವಾಗಿ ಪ್ರಯೋಗಿಸಿ ನೋಡುವ ಕಾಲ ಬರಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. ಸ್ಟಾಕ್‌ಹೋಮಿನ ಗುನ್ನಾರ್ ಫಾನ್ ಹೈನ ಅವರ ಬಳಗ 2012ರಲ್ಲಿ ಸೆಕ್‌ಎಂ ನಿಲುಗಡೆಯ ತುಣುಕನ್ನು ಬೇರೆ ಪ್ರೋಟೀನುಗಳಿಗೆ ಜೋಡಿಸಿ, ಅವು ಪೊರೆಯೊಳಕ್ಕೆ ಸೇರಿಕೊಳ್ಳುವಾಗ ಉಂಟಾಗುವ ಬಲವನ್ನು ಗುರುತಿಸುವ ಸಾಧನವಾಗಿ ಬಳಸಿತು. 2015ರಲ್ಲಿ ಬರ್ಕ್ಲಿಯ ಕಾರ್ಲೋಸ್ ಬುಸ್ತಮಾಂತೆ ಅವರ ಬಳಗ, ನಿಂತ ರೈಬೋಸೋಮೊಂದನ್ನೂ ಅದರಿಂದ ಇಳಿಬಿದ್ದ ಸರಪಳಿಯನ್ನೂ ಲೇಸರ್ ಬೆಳಕಿನ ಇಕ್ಕುಳಗಳಿಂದ ಹಿಡಿದೆಳೆದು, ಬಲ ಹೆಚ್ಚಿದಂತೆ ನಿಲುಗಡೆ ಬೇಗ ಬಿಡುತ್ತದೆಂಬುದನ್ನು ಪ್ರತ್ಯಕ್ಷ ತೋರಿಸಿತು. ಬ್ಯಾಕ್ಟೀರಿಯದ ವಂಶವಾಹಿಯೊಂದರ ನಿಯಮನದಲ್ಲಿ ಯಾವುದೇ ರಾಸಾಯನಿಕ ವಸ್ತುವಲ್ಲ, ಯಾಂತ್ರಿಕವಾದ ಬಲವೇ ಸಂದೇಶವಾಗಿರುವುದು ಇಷ್ಟು ಸ್ಪಷ್ಟವಾಗಿ ಸಿದ್ಧವಾದ ಬೇರೆ ಉದಾಹರಣೆಗಳು ವಿರಳ.

ಜೀನ್ ಎಕ್ಸ್ ಅವಶ್ಯವಲ್ಲವೆಂದು ಮೊದಲು ಕೊಟ್ಟ ತೀರ್ಪನ್ನು 2005ರಲ್ಲಿ ಇಟೊ ಬಳಗ ತಿದ್ದಿತು. ಸೆಕ್‌ಎಂ ವಂಶವಾಹಿಯನ್ನು ಪೂರ್ತಿಯಾಗಿ ತೆಗೆದರೆ ಸೆಕ್‌ಎಯ ಪ್ರಮಾಣ ಕುಗ್ಗುವುದಷ್ಟೇ ಅಲ್ಲ. ಸೆಕ್‌ಎಂ ತನ್ನ ಸಂಕೇತತುಣುಕಿನಿಂದ ಆ ಆರ್.ಎನ್.ಎ.ಯನ್ನು ಪೊರೆಯ ಬಳಿಗೆ ಎಳೆದೊಯ್ಯುವುದರಿಂದ ಹೊಸ ಸೆಕ್‌ಎ ಹುಟ್ಟುವುದು ದ್ವಾರದ ಹತ್ತಿರದಲ್ಲಿಯೇ, ಅಂಥ ಜಾಗದಲ್ಲಿ ಹುಟ್ಟಿದ ಸೆಕ್‌ಎ ಹೆಚ್ಚು ಸಮರ್ಥವಾಗಿರುತ್ತದೆಂದು ಅವರು ವಾದಿಸಿದರು.

ಸೆಕ್‌ಎಂ ಎಲ್ಲ ಬ್ಯಾಕ್ಟೀರಿಯಗಳಲ್ಲಿಯೂ ಇಲ್ಲ, ಇ. ಕೋಲಿಯ ಹತ್ತಿರದ ಬಳಗದಲ್ಲಿ ಮಾತ್ರ ಅದು ದೊರೆತಿದೆ. ಆದರೆ ಅದರ ತತ್ತ್ವ ಬೇರೆಡೆಗಳಲ್ಲಿ ಬೇರೆ ವೇಷಗಳಲ್ಲಿ ಕಂಡುಬರುತ್ತ ಬಂದಿದೆ. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ‘ಮಿಫ್‌ಎಂ’ ಎಂಬ ಸರಪಳಿ, ಪ್ರೋಟೀನುಗಳನ್ನು ಪೊರೆಯಲ್ಲಿ ನೆಲೆಗೊಳಿಸುವ ‘ವೈಐಡಿಸಿ’ ಎಂಬ ಯಂತ್ರಭಾಗದ ಕಾವಲಿಗೆ ನಿಂತಿರುವುದನ್ನು 2009ರಲ್ಲಿ ಶಿನೊಬು ಚಿಬ ಮತ್ತು ಅವರ ಸಂಗಡಿಗರು ವರದಿಮಾಡಿದರು. ಕಡಲನೀರಿನಲ್ಲಿ ಬಾಳುವ ವಿಬ್ರಿಯೊ ಆಲ್ಜಿನೊಲಿಟಿಕಸ್‌ನಲ್ಲಿ ‘ವೆಂಪ್’ ಎಂಬ ಮತ್ತೊಂದು ಸರಪಳಿಯಿದೆ. ಆ ಜೀವಿಯ ‘ಸೆಕ್‌ಡಿಎಫ್’ ಎಂಬ ಸಾಗಣೆಯ ಸಹಾಯಕ ಸಮುದ್ರದ ಉಪ್ಪಿನಲ್ಲಿರುವ ಸೋಡಿಯಂ ಅಯಾನುಗಳ ಬಲದಿಂದ ನಡೆಯುತ್ತದೆ; ನೀರಿನ ಉಪ್ಪು ಕಡಮೆಯಾಗಿ ಅದು ಕುಂಠಿತವಾದೊಡನೆ ವೆಂಪ್ ಸರಪಳಿಯ ನಿಲುಗಡೆ ಬಿಡದೆ ಉಳಿದು, ಸೋಡಿಯಂ ಬೇಡದ ಎರಡನೆಯ ಸೆಕ್‌ಡಿಎಫ್ ತಯಾರಾಗುತ್ತದೆಂಬುದು 2015ರಲ್ಲಿ ಕ್ಯೋಟೊದಿಂದಲೇ ಪ್ರಕಟವಾಯಿತು. ಈ ಮೂರು ಸರಪಳಿಗಳ ನಿಲುಗಡೆಯ ತುಣುಕುಗಳಲ್ಲಿ ಅಮೈನೋ ಆಮ್ಲಗಳ ಹೋಲಿಕೆ ಒಂದಿಷ್ಟೂ ಇಲ್ಲ.